ಮರುಕಳಿಸುವ ನವೆ: ದಾಂಪತ್ಯದಲ್ಲಿ ಅನುಮಾನದ ಬೀಜವಾಗದಿರಲಿ

ಮದುವೆಯಾಗಿ ಇನ್ನೂ ವರ್ಷ ತುಂಬಿರುವುದಿಲ್ಲ. ಗಂಡ ಹೆಂಡತಿ ಕೂಡಿದ ಎರಡು ಮೂರು ದಿನಗಳಲ್ಲೇ ಆಕೆಗೆ ಗುಪ್ತಾಂಗದಲ್ಲಿ ನವೆ ಶುರುವಾಗುತ್ತದೆ. ಕುಳಿತಲ್ಲಿ ಕೂರಲಾಗದು, ನಾಲ್ಕು ಜನರ ನಡುವೆ ನಿಲ್ಲಲಾಗದು. ಮೂತ್ರ ಮಾಡಿದರೆ ಉರಿ. ಜೊತೆಗೆ ಒಡೆದ ಹಾಲಿನಂಥ ಬಿಳಿಯ ಸ್ರಾವ. ಯಾರಿಗೆ ಹೇಳುವುದು? ಹೇಗೋ ಧೈರ್ಯ ಮಾಡಿ ಔಷಧಿ ಅಂಗಡಿಯಿಂದ ತರಿಸಿಕೊಂಡ ಮುಲಾಮು ಹಚ್ಚಿದರೆ ನಾಲ್ಕು ದಿನ ಹಾಯೆನಿಸುತ್ತದೆ. ಮುಂದಿನ ತಿಂಗಳು ಮತ್ತೆ ಅದೇ ಪಾಡು.

ಇಲ್ಲಿಂದ ಮುಂದೆ ಕಾಯಿಲೆಗಿಂತ ಅದರ ನೆರಳೇ ದೊಡ್ಡದಾಗುತ್ತದೆ. 'ಇವರಿಗೇ ಎಲ್ಲೋ ಏನೋ ಅಂಟಿಕೊಂಡಿದೆ' ಎಂದು ಆಕೆಯ ಅನುಮಾನ. 'ಮದುವೆಗೆ ಮುಂಚೆಯೇ ಇವಳಿಗೆ ಏನೋ ಇತ್ತು' ಎಂದು ಆತನ ಗುಮಾನಿ. ಇಬ್ಬರೂ ಬಾಯಿಬಿಟ್ಟು ಕೇಳುವುದಿಲ್ಲ. ನೋವಿನ ಭಯದಿಂದ ಆಕೆ ದೂರ ಸರಿಯುತ್ತಾಳೆ, ತನ್ನ ಮೇಲೆ ಮನಸ್ಸಿಲ್ಲವೆಂದು ಆತ ಮುಖ ತಿರುಗಿಸುತ್ತಾನೆ. ಕಣ್ಣಿಗೆ ಕಾಣದ ಒಂದು ಶಿಲೀಂಧ್ರ, ಸಂಸಾರವೊಂದರಲ್ಲಿ ಇಷ್ಟೆಲ್ಲ ಮಾಡಬಲ್ಲದು!

ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಂಭೋಗದ ನಂತರ ಈ ಸೋಂಕು ಕೆರಳುವುದುಂಟು. ಆದರೆ ಅದು ಸಾಮಾನ್ಯವಾಗಿ ಸಂಭೋಗದಿಂದ 'ತಗುಲುವ' ರೋಗವಲ್ಲ. ಗಂಡನ ನಡತೆಗಾಗಲಿ ಹೆಂಡತಿಯ ನಡತೆಗಾಗಲಿ ಅದು ಸಾಕ್ಷಿಯಲ್ಲ. ಮತ್ತೆ ಮತ್ತೆ ಬರುತ್ತಿದೆಯೆಂದರೆ ಅದಕ್ಕೆ ಹುಡುಕಿ ತೆಗೆಯಬಹುದಾದ ಕಾರಣಗಳಿರುತ್ತವೆ, ಹತೋಟಿಗೆ ತರುವ ಚಿಕಿತ್ಸೆಯೂ ಇದೆ.

ಎಷ್ಟು ಜನರಿಗೆ?

'ನನಗೊಬ್ಬಳಿಗೇ ಹೀಗೆ' ಎಂಬ ಭಾವನೆಯೇ ಈ ಕಾಯಿಲೆಯ ಅರ್ಧ ನೋವು. ನಿಜಸ್ಥಿತಿ ಬೇರೆ. ನೂರು ಮಹಿಳೆಯರಲ್ಲಿ ಸುಮಾರು 75 ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಯೋನಿಯ ಯೀಸ್ಟ್ ಸೋಂಕು ಬರುತ್ತದೆ. 40ರಿಂದ 45 ಮಂದಿಗೆ ಎರಡನೆಯ ಬಾರಿಯೂ ಬರುತ್ತದೆ. ಇವರಲ್ಲಿ ಒಂದು ಸಣ್ಣ ಪಾಲಿನವರಿಗೆ ಮಾತ್ರ ಅದು ಬಿಡದೆ ಕಾಡುತ್ತದೆ. ಒಂದು ವರ್ಷದೊಳಗೆ ಮೂರು ಅಥವಾ ಹೆಚ್ಚು ಬಾರಿ ಬಂದರೆ ವೈದ್ಯರು ಅದನ್ನು 'ಮರುಕಳಿಸುವ ಸೋಂಕು' ಎನ್ನುತ್ತಾರೆ. ಹಿಂದೆ ಈ ಲೆಕ್ಕ ನಾಲ್ಕು ಬಾರಿ ಎಂದಿತ್ತು. ಈಗಲೂ ಅದನ್ನೇ ಹಿಡಿದಿರುವ ವೈದ್ಯರುಂಟು. ಸಣ್ಣ ಪಾಲು ಎಂದರೂ ಸಂಖ್ಯೆ ಸಣ್ಣದಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 13.8 ಕೋಟಿ ಮಹಿಳೆಯರು ಇದರಿಂದ ನರಳುತ್ತಾರೆಂದು 2018ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ.

ನಮ್ಮ ಕಡೆಯ ಪರಿಸ್ಥಿತಿ ಏನು? 1993ರಲ್ಲಿ ಕರ್ನಾಟಕದ 3,600 ತಾಯಂದಿರನ್ನು ವಿಚಾರಿಸಿ ನಡೆಸಿದ ಸಮೀಕ್ಷೆಯಲ್ಲಿ ಸುಮಾರು ಮೂರನೇ ಒಂದು ಭಾಗದವರು ಸ್ತ್ರೀರೋಗದ ಒಂದಲ್ಲ ಒಂದು ಲಕ್ಷಣ ತಮಗಿದೆ ಎಂದಿದ್ದರು. ಬಿಳಿ ಹೋಗುವುದು ಅಂಥ ಮುಖ್ಯ ದೂರುಗಳಲ್ಲಿ ಒಂದಾಗಿತ್ತು. ಅದಕ್ಕೂ ಮುಂಚೆ, 1989ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ, ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ರಾಣಿ ಬಂಗ್ ಮತ್ತು ಸಂಗಡಿಗರು 650 ಹಳ್ಳಿ ಹೆಂಗಸರನ್ನು ಪರೀಕ್ಷಿಸಿದಾಗ ನೂರಕ್ಕೆ 92 ಮಂದಿಯಲ್ಲಿ ಯಾವುದಾದರೊಂದು ಸ್ತ್ರೀರೋಗ ಕಂಡುಬಂತು. ಹಿಂದೆ ಎಂದಾದರೂ ಅದಕ್ಕಾಗಿ ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ ಎಂಟೇ ಮಂದಿ! ಸಹಿಸಿಕೊಂಡಿರುವುದೇ ಹೆಣ್ಣಿನ ಧರ್ಮವೆಂದು ಕಲಿಸಿದ್ದರ ಫಲ ಇದು.

ಒಳಗೇ ಇರುವ ನಿವಾಸಿ

ಈ ಸೋಂಕಿಗೆ ಕಾರಣ ಕ್ಯಾಂಡಿಡಾ ಎಂಬ ಯೀಸ್ಟ್. ಬೇಕರಿಯವರು ಬ್ರೆಡ್ಡು ಉಬ್ಬಿಸಲು ಬಳಸುವ ಯೀಸ್ಟಿಗೆ ದೂರದ ಸಂಬಂಧಿ. ಇದರಲ್ಲಿ ಹಲವು ಜಾತಿಗಳಿದ್ದರೂ ಬಹುಪಾಲು ಸೋಂಕುಗಳಿಗೆ ಕಾರಣ ಕ್ಯಾಂಡಿಡಾ ಅಲ್ಬಿಕನ್ಸ್. ಇದು ಎಲ್ಲಿಂದಲೋ ಹಾರಿ ಬರುವ ಶತ್ರುವಲ್ಲ. ನಮ್ಮ ಬಾಯಿ, ಕರುಳು, ಚರ್ಮದ ಮಡಿಕೆಗಳಲ್ಲಿ ಮೊದಲೇ ಬೀಡು ಬಿಟ್ಟಿರುತ್ತದೆ. ಯಾವ ತೊಂದರೆಯೂ ಇಲ್ಲದ ಆರೋಗ್ಯವಂತ ಮಹಿಳೆಯರಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿಯ ಯೋನಿಯಲ್ಲಿ ಇದು ಸದ್ದಿಲ್ಲದೆ ಇರುತ್ತದೆ.

ಇದನ್ನು ಸದ್ದಿಲ್ಲದೆ ಇರಿಸುವುದರಲ್ಲಿ ಪಾಲುಗೊಳ್ಳುವವು ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾಗಳು. ಹಾಲನ್ನು ಮೊಸರು ಮಾಡುವ ಬಳಗಕ್ಕೇ ಸೇರಿದ ಇವು ಯೋನಿಯ ಒಳಭಾಗವನ್ನು ಸದಾ ಸ್ವಲ್ಪ ಹುಳಿಯಾಗಿ, ಅಂದರೆ ಆಮ್ಲೀಯವಾಗಿ ಇಡುತ್ತವೆ. ಇವುಗಳ ಸಂಖ್ಯೆ ಕುಗ್ಗಿದಾಗ, ಇಲ್ಲವೇ ದೇಹದಲ್ಲಿ ಸಕ್ಕರೆಯ ಅಂಶವೋ ಈಸ್ಟ್ರೋಜನ್ ಹಾರ್ಮೋನೋ ಏರಿದಾಗ ಯೀಸ್ಟ್ ತಲೆಯೆತ್ತುತ್ತದೆ. ಗುಂಡನೆಯ ಕಣದಿಂದ ಎಳೆಗಳು ಚಿಗುರಿ ಒಳಪದರಕ್ಕೆ ಇಳಿಯುತ್ತವೆ. ಆಗಲೇ ನವೆ, ಕೆಂಪು, ಊತ, ಉರಿ.

ಶೀತ ಜ್ವರಕ್ಕೆಂದು ನುಂಗಿದ ಆಂಟಿಬಯಾಟಿಕ್ ಮಾತ್ರೆಯ ಹಿಂದೆಯೇ ಈ ತೊಂದರೆ ಬರುವುದೇಕೆಂದು ಈಗ ಅರ್ಥವಾದೀತು. ರೋಗಾಣುವಿನೊಂದಿಗೆ ಕಾವಲುಗಾರನೂ ಸಾಯುತ್ತಾನೆ. ಯೀಸ್ಟಿಗೆ ಮಾತ್ರ ಆ ಔಷಧಿ ತಾಗುವುದಿಲ್ಲ. ಗರ್ಭಿಣಿಯರಲ್ಲಿ, ಈಸ್ಟ್ರೋಜನ್ ಹೆಚ್ಚಿರುವ ಗರ್ಭನಿರೋಧಕ ಗುಳಿಗೆ ನುಂಗುವವರಲ್ಲಿ, ಸ್ಟೀರಾಯ್ಡ್ ಔಷಧಿ ಸೇವಿಸುವವರಲ್ಲಿ ಸೋಂಕು ಹೆಚ್ಚು. ಮುಟ್ಟಿನ ಹಿಂದಿನ ವಾರ ಅನೇಕರಿಗೆ ನವೆ ಉಲ್ಬಣಿಸುವುದೂ ಹಾರ್ಮೋನುಗಳ ಆಟವೇ. ಬಿಳಿ ಹೋಗುವುದೆಲ್ಲ ದೇಹದ ಉಷ್ಣದಿಂದ, ಶಕ್ತಿಯೇ ಸೋರಿಹೋಗುತ್ತಿದೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಅದಕ್ಕೆ ಆಧಾರವಿಲ್ಲ. ವಾಸನೆಯಿಲ್ಲದ, ನವೆಯಿಲ್ಲದ ಅಲ್ಪ ಸ್ರಾವ ಪ್ರತಿ ಹೆಣ್ಣಿನಲ್ಲೂ ಸಹಜ.

ಹಾಗಾದರೆ ಕೂಡಿದ ನಂತರವೇ ಏಕೆ?

ಪ್ರಶ್ನೆ ನ್ಯಾಯವಾದದ್ದೇ. ನಿಯಮಿತವಾಗಿ ಲೈಂಗಿಕ ಜೀವನ ಆರಂಭಿಸುವ ವಯಸ್ಸಿನಲ್ಲೇ ಈ ಸೋಂಕು ಏರುವುದನ್ನು ವೈದ್ಯರು ಬಹುಕಾಲದಿಂದ ಗಮನಿಸಿದ್ದಾರೆ. ಹೊರಗಿನಿಂದ ಯೀಸ್ಟ್ ಬಂದು ಸೇರುವುದಕ್ಕಿಂತ, ಒಳಗೇ ಇರುವ ಯೀಸ್ಟಿಗೆ ಅವಕಾಶ ಒದಗುವುದು ಇದರಲ್ಲಿ ಮುಖ್ಯ.

ಮೊದಲನೆಯದು ಉಜ್ಜುವಿಕೆ. ಸಾಕಷ್ಟು ಒದ್ದೆಯಾಗದಿರುವಾಗ ಆತುರದಿಂದ ನಡೆಯುವ ಸಂಭೋಗದಲ್ಲಿ ಒಳಪದರದ ಮೇಲೆ ಕಣ್ಣಿಗೆ ಕಾಣದ ತರಚುಗಳಾಗುತ್ತವೆ. ಹೊಸದಾಗಿ ಮದುವೆಯಾದವರಲ್ಲಿ ಭಯ, ಸಂಕೋಚ, ಅವಸರ ಮೂರೂ ಸೇರಿ ಇದು ಹೆಚ್ಚು. ತರಚಿದ ಜಾಗದಲ್ಲಿ ಯೀಸ್ಟ್ ಬೇರೂರುವುದು ಸುಲಭ. ಸೋಂಕಿನಿಂದ ಒಳಪದರ ಊದಿಕೊಂಡಿರುವಾಗ ಮತ್ತೆ ಕೂಡಿದರೆ ಇನ್ನಷ್ಟು ತರಚು, ಇನ್ನಷ್ಟು ನೋವು. ನೋವಿನ ಭಯಕ್ಕೆ ಒದ್ದೆಯಾಗುವುದು ಇನ್ನೂ ಕಡಿಮೆ. ಹೀಗೆ ಒಂದು ವಿಷಚಕ್ರ ಸುತ್ತತೊಡಗುತ್ತದೆ.

ಎರಡನೆಯದು ಎಂಜಲು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಕುತೂಹಲಕರ. ಗಂಡಿನ ಅಂಗದಲ್ಲಿ ಯೀಸ್ಟ್ ಇದೆಯೇ ಇಲ್ಲವೇ ಎಂಬುದಕ್ಕೂ ಹೆಣ್ಣಿಗೆ ಸೋಂಕು ಮರುಕಳಿಸುವುದಕ್ಕೂ ಅದರಲ್ಲಿ ನಂಟು ಕಾಣಲಿಲ್ಲ. ಆದರೆ ಹೆಣ್ಣಿನ ಅಂಗಕ್ಕೆ ಬಾಯಿ ಸೋಕಿಸುವ, ಎಂಜಲನ್ನು ಜಾರುವಿಕೆಗೆ ಬಳಸುವ ಅಭ್ಯಾಸವಿದ್ದವರಲ್ಲಿ ಸೋಂಕು ಹೆಚ್ಚಾಗಿ ಮರುಕಳಿಸಿತ್ತು. ಹಾಗೆಂದು ಅದು ತಪ್ಪು ಕೆಲಸವೇನಲ್ಲ. ಪದೇ ಪದೇ ಸೋಂಕು ಬರುವವರು ಕೆಲವು ತಿಂಗಳು ಬಿಟ್ಟು ನೋಡಬಹುದು, ಅಷ್ಟೆ.

ಮೂರನೆಯದು ಬಳಸುವ ಸಾಧನಗಳು. ಕೆಲವರಿಗೆ ಕಾಂಡೋಮಿನ ರಬ್ಬರು ಅಥವಾ ಅದಕ್ಕೆ ಸವರಿದ ವೀರ್ಯನಾಶಕ ಒಗ್ಗುವುದಿಲ್ಲ. ಕಾಪರ್-ಟಿ ಹಾಕಿಸಿಕೊಂಡ ಕೆಲವರಲ್ಲಿ ಅದರ ದಾರಕ್ಕೆ ಯೀಸ್ಟ್ ಅಂಟಿ ಉಳಿಯುತ್ತದೆ. ಇಂಥವರು ವೈದ್ಯರ ಸಲಹೆಯಿಂದ ಗರ್ಭನಿರೋಧದ ವಿಧಾನವನ್ನೇ ಬದಲಿಸಬಹುದು. ತಾವಾಗಿಯೇ ನಿಲ್ಲಿಸಿಬಿಡುವುದು ಬೇಡ.

ಗಂಡನಿಗೂ ಔಷಧಿ ಬೇಕೆ?

'ಇಬ್ಬರೂ ಮಾತ್ರೆ ತೆಗೆದುಕೊಳ್ಳದಿದ್ದರೆ ವಾಸಿಯಾಗದು' ಎಂಬ ಮಾತನ್ನು ಎಷ್ಟೋ ಕಡೆ ಕೇಳುತ್ತೇವೆ. ಯೀಸ್ಟ್ ಸೋಂಕಿನ ಮಟ್ಟಿಗೆ ಇದು ನಿಜವಲ್ಲ. ತೊಂದರೆಯಿಲ್ಲದ ಗಂಡನಿಗೆ ಔಷಧಿ ಕೊಟ್ಟರೆ ಹೆಂಡತಿಗೆ ಮರುಕಳಿಸುವುದು ತಪ್ಪುತ್ತದೆ ಎಂಬುದಕ್ಕೆ ಪ್ರಯೋಗಗಳಲ್ಲಿ ಬೆಂಬಲ ಸಿಕ್ಕಿಲ್ಲ.

ಆದರೆ ಕೆಲವು ಗಂಡಸರಿಗೆ ನಿಜವಾಗಿಯೂ ತೊಂದರೆ ಇರುತ್ತದೆ. ಶಿಶ್ನದ ತುದಿ ಕೆಂಪಾಗಿ ನವೆಯಾಗುವುದು, ಮುಂದೊಗಲಿನ ಒಳಗೆ ಬಿಳಿಯ ಲೇಪ ಕೂರುವುದು, ಕೂಡಿದ ಕೆಲವೇ ಹೊತ್ತಿನಲ್ಲಿ ಉರಿಯುವುದು ಇದರ ಲಕ್ಷಣಗಳು. ಇಂಥವರಿಗೆ ಯೀಸ್ಟ್ ನಿವಾರಕ ಮುಲಾಮು ಬೇಕು. ಮುಂದೊಗಲನ್ನು ಹಿಂದೆ ಸರಿಸಿ ದಿನವೂ ಬರಿಯ ನೀರಿನಲ್ಲಿ ತೊಳೆದು, ಒರೆಸಿ ಒಣಗಿಸಿಕೊಳ್ಳುವ ಅಭ್ಯಾಸವೂ ಬೇಕು. ಮುಂದೊಗಲಿನ ಅಂಚು ಬಿರುಕು ಬಿಟ್ಟು ಹಿಂದೆ ಸರಿಸಲಾಗದಂತೆ ಬಿಗಿಯಾಗುತ್ತಿದ್ದರೆ ಮುಲಾಮಿಗಿಂತ ಮೊದಲು ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳಬೇಕು.

ಸಕ್ಕರೆಯ ಸುಳಿವು

ಎಷ್ಟೋ ಜನರಲ್ಲಿ ಸಕ್ಕರೆ ಕಾಯಿಲೆಯ ಮೊದಲ ಸುಳಿವು ಸಿಗುವುದೇ ಇಲ್ಲಿ. ಮೂವತ್ತೈದು ನಲವತ್ತರ ನಂತರ ಹೊಸದಾಗಿ ಪದೇ ಪದೇ ನವೆ ಕಾಣಿಸಿಕೊಂಡರೆ, ಗರ್ಭಿಣಿಯಿದ್ದಾಗ ಸಕ್ಕರೆ ಏರಿತ್ತೆಂದಾದರೆ, ಮನೆತನದಲ್ಲಿ ಸಕ್ಕರೆ ಕಾಯಿಲೆಯಿದ್ದರೆ ರಕ್ತ ಪರೀಕ್ಷೆ ಮರೆಯುವಂತಿಲ್ಲ. ಸಕ್ಕರೆ ಹತೋಟಿಗೆ ಬಾರದೆ ಎಷ್ಟು ಮುಲಾಮು ಹಚ್ಚಿದರೂ ಹೊಳೆಯಲ್ಲಿ ಹುಣಸೆ ಹಣ್ಣು ಕಿವುಚಿದಂತೆ.

ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ಇನ್ನೊಂದು ಮುಖ ಸೇರಿದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಗಳಿವೆ. ರಕ್ತದ ಹೆಚ್ಚುವರಿ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವುದು ಇವುಗಳ ಕೆಲಸ. ಹೃದಯಕ್ಕೂ ಮೂತ್ರಪಿಂಡಕ್ಕೂ ಇವುಗಳಿಂದ ಒಳ್ಳೆಯದಾಗುತ್ತದೆ. 2020ರಲ್ಲಿ ಡಾಪಾಗ್ಲಿಫ್ಲೋಜಿನ್ ಪೇಟೆಂಟ್ ಅವಧಿ ಮುಗಿದು ನಮ್ಮ ದೇಶದಲ್ಲಿ ಅಗ್ಗದ ಮಾತ್ರೆಗಳು ಬಂದ ಮೇಲೆ ಬಳಕೆ ಬಹಳ ಹೆಚ್ಚಿದೆ. ಆದರೆ ಸಿಹಿಮೂತ್ರ ತಾಗುವ ಜಾಗದಲ್ಲಿ ಯೀಸ್ಟ್ ಸೊಂಪಾಗಿ ಬೆಳೆಯುತ್ತದೆ. ಗಂಡಸರಿಗೂ ಹೆಂಗಸರಿಗೂ ಗುಪ್ತಾಂಗದ ಯೀಸ್ಟ್ ಸೋಂಕು ಈ ಮಾತ್ರೆಗಳ ಚಿರಪರಿಚಿತ ಅಡ್ಡಪರಿಣಾಮ.

ಐವತ್ತೈದರ ಗಂಡನಿಗೆ ಹೀಗಾದಾಗ ಮನೆಯಲ್ಲಿ ಏನಾಗಬಹುದೆಂದು ಊಹಿಸಿ! 'ಈ ವಯಸ್ಸಿನಲ್ಲಿ ಇದೇನು ರೋಗ' ಎಂದು ಹೆಂಡತಿ ಕೇಳುತ್ತಾಳೆ. ನಾಚಿಕೆಯಿಂದ ಆತ ವೈದ್ಯರಲ್ಲಿಗೆ ಹೋಗುವುದಿಲ್ಲ, ಇಲ್ಲವೇ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸುತ್ತಾನೆ. ಎರಡೂ ತಪ್ಪು. ಮಾತ್ರೆ ಬರೆದ ವೈದ್ಯರಿಗೇ ತಿಳಿಸಿದರೆ ಸೋಂಕಿಗೆ ಔಷಧಿ ಕೊಡುತ್ತಾರೆ, ಬೇಕಿದ್ದರೆ ಮಾತ್ರೆಯನ್ನು ಬದಲಿಸುತ್ತಾರೆ. ಮೂತ್ರದ ನಂತರ ನೀರಿನಿಂದ ತೊಳೆದು ಒಣಗಿಸಿಕೊಂಡರೂ ತೊಂದರೆ ಕಡಿಮೆಯಾಗುತ್ತದೆ.

ನವೆಯೆಲ್ಲ ಯೀಸ್ಟ್ ಅಲ್ಲ

ಮರುಕಳಿಸುತ್ತಿದೆ ಎಂದು ಬರುವವರಲ್ಲಿ ಎಷ್ಟೋ ಮಂದಿಗೆ ಇರುವುದು ಯೀಸ್ಟೇ ಅಲ್ಲ. ಅಮೆರಿಕದಲ್ಲಿ ಅಂಗಡಿಯಿಂದ ತಾವೇ ಯೀಸ್ಟ್ ಔಷಧಿ ಕೊಂಡ 95 ಮಹಿಳೆಯರನ್ನು ಪರೀಕ್ಷಿಸಿದಾಗ ಸುಮಾರು ಮೂರನೇ ಒಂದು ಭಾಗದವರಲ್ಲಿ ಮಾತ್ರ ಯೀಸ್ಟ್ ಸೋಂಕಿತ್ತು. 2002ರ ಈ ಅಧ್ಯಯನದ ಪಾಠ ನಮಗೂ ಅನ್ವಯ.

ತೆಳ್ಳಗಿನ ಬೂದು ಬಣ್ಣದ ಸ್ರಾವ, ಅದರಲ್ಲೂ ಕೂಡಿದ ನಂತರ ಎದ್ದು ಬರುವ ಮೀನಿನಂಥ ವಾಸನೆ, ನವೆ ಕಡಿಮೆ. ಇದು ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿದ್ದರ ಲಕ್ಷಣ. ಬ್ಯಾಕ್ಟೀರಿಯಲ್ ವಜೈನೋಸಿಸ್ ಎಂದು ಹೆಸರು. ನೊರೆನೊರೆಯಾದ ಹಳದಿ ಹಸಿರು ಸ್ರಾವವಿದ್ದರೆ ಅದು ಟ್ರೈಕೊಮೊನಾಸ್ ಎಂಬ ಪರಾವಲಂಬಿ ಇರಬಹುದು. ಅದು ಖಂಡಿತ ಲೈಂಗಿಕ ಸಂಪರ್ಕದಿಂದ ಹರಡುವ ರೋಗ, ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆಯಾಗಬೇಕು. ಸ್ರಾವವೇ ಇಲ್ಲದೆ ಬರಿಯ ಉರಿಯಿದ್ದರೆ ಸೋಪು, ಡೆಟಾಲು, ಸುಗಂಧದ ಪ್ಯಾಡುಗಳಿಂದಾದ ಅಲರ್ಜಿಯೂ ಇರಬಹುದು, ಚರ್ಮರೋಗವೂ ಇರಬಹುದು.

ಈ ವಿಂಗಡಣೆ ಏಕೆ ಮುಖ್ಯವೆಂದರೆ, ಒಂದಕ್ಕೆ ಹೊಂದುವ ಮದ್ದು ಇನ್ನೊಂದಕ್ಕೆ ಹೊಂದದು. ಉದಾಹರಣೆಗೆ, ಬ್ಯಾಕ್ಟೀರಿಯಲ್ ವಜೈನೋಸಿಸ್‌ನಲ್ಲಿ ಗಂಡನಿಗೂ ಚಿಕಿತ್ಸೆ ಕೊಟ್ಟು ನೋಡಿದ ಆಸ್ಟ್ರೇಲಿಯಾದ ಪ್ರಯೋಗವೊಂದು 2025ರಲ್ಲಿ ಪ್ರಕಟವಾಯಿತು. ಹೆಂಡತಿಗೆ ಮಾತ್ರ ಔಷಧಿ ಕೊಟ್ಟ ಜೋಡಿಗಳಲ್ಲಿ ನೂರಕ್ಕೆ 63 ಮಂದಿಗೆ ಮರುಕಳಿಸಿದರೆ, ಇಬ್ಬರಿಗೂ ಕೊಟ್ಟಲ್ಲಿ 35 ಮಂದಿಗೆ ಮಾತ್ರ ಮರುಕಳಿಸಿತು. ಯೀಸ್ಟಿನಲ್ಲಿ ಗಂಡನ ಚಿಕಿತ್ಸೆ ಸಾಮಾನ್ಯವಾಗಿ ವ್ಯರ್ಥ, ಇದರಲ್ಲಿ ಉಪಯುಕ್ತ! ಯಾವುದು ಯಾವುದೆಂದು ತಿಳಿಯದೆ ಇದನ್ನು ತೀರ್ಮಾನಿಸುವುದು ಹೇಗೆ?

ಪರೀಕ್ಷೆಗೆ ಹೆದರಬೇಕಿಲ್ಲ. ಹತ್ತಿಯ ಕಡ್ಡಿಯಲ್ಲಿ ತೆಗೆದ ಸ್ರಾವವನ್ನು ಗಾಜಿನ ಮೇಲೆ ಹಚ್ಚಿ ಒಂದು ತೊಟ್ಟು ಪೊಟಾಷಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯೀಸ್ಟಿನ ಕಣಗಳೂ ಎಳೆಗಳೂ ಕಾಣುತ್ತವೆ. ಪದೇ ಪದೇ ಬರುವವರು ಒಮ್ಮೆಯಾದರೂ ಕಲ್ಚರ್ ಮಾಡಿಸಲೇಬೇಕು. ಗ್ಲಾಬ್ರೇಟಾ ಎಂಬ ಜಾತಿಯ ಯೀಸ್ಟಿಗೆ ಸಾಮಾನ್ಯ ಮಾತ್ರೆ ಅಷ್ಟಾಗಿ ಜಗ್ಗುವುದಿಲ್ಲ. ಅದು ಗೊತ್ತಾದರೆ ದಾರಿಯೇ ಬೇರೆ.

ಆರು ತಿಂಗಳ ತಾಳ್ಮೆ

ಯೀಸ್ಟಿಗೆ ಮದ್ದು ಸಿಕ್ಕ ಕಥೆಯಲ್ಲಿ ಇಬ್ಬರು ಮಹಿಳೆಯರ ಪಾತ್ರ ದೊಡ್ಡದು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿದ್ದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್, ಹೊಲವೊಂದರ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ ಶಿಲೀಂಧ್ರ ನಾಶಕವೊಂದನ್ನು ಬೇರ್ಪಡಿಸಿ 1950ರಲ್ಲಿ ಪ್ರಕಟಿಸಿದರು. ತಮ್ಮ ರಾಜ್ಯದ ಹೆಸರನ್ನೇ ಅದಕ್ಕಿಟ್ಟರು: ನಿಸ್ಟಾಟಿನ್. ನಂತರ ಕ್ಲೋಟ್ರಿಮಜೋಲ್, ಆಮೇಲೆ ಬಾಯಿಯ ಮೂಲಕ ನುಂಗುವ ಫ್ಲುಕೊನಜೋಲ್ ಬಂದವು.

ಅಪರೂಪಕ್ಕೊಮ್ಮೆ ಬರುವ ಸೋಂಕಿಗೆ ಯೋನಿಯೊಳಗೆ ಇಡುವ ಕ್ಲೋಟ್ರಿಮಜೋಲ್ ಮಾತ್ರೆ, ಅಥವಾ 150 ಮಿಲಿಗ್ರಾಂ ಫ್ಲುಕೊನಜೋಲ್ ಒಂದೇ ಒಂದು ಮಾತ್ರೆ ಸಾಕಾಗುತ್ತದೆ. ಮರುಕಳಿಸುವವರಿಗೆ ಅಷ್ಟು ಸಾಲದು. ಎಲ್ಲರೂ ಎಡವುವುದು ಇಲ್ಲೇ. ಪ್ರತಿ ಬಾರಿಯೂ ಒಂದು ಮಾತ್ರೆ ನುಂಗಿ, ನವೆ ನಿಂತೊಡನೆ ಮರೆತುಬಿಡುತ್ತಾರೆ. ವೈದ್ಯರು ಅನುಸರಿಸುವ ಕ್ರಮ ಹೀಗಿದೆ: ಮೊದಲು ಒಂದು, ನಾಲ್ಕು ಮತ್ತು ಏಳನೆಯ ದಿನ ಒಂದೊಂದು ಮಾತ್ರೆ. ನಂತರ ವಾರಕ್ಕೊಂದರಂತೆ ಆರು ತಿಂಗಳು.

ಇದರಿಂದ ಎಷ್ಟು ಪ್ರಯೋಜನ? 387 ಮಹಿಳೆಯರ ಮೇಲೆ ನಡೆಸಿ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರು ತಿಂಗಳ ಕೊನೆಗೆ ಮಾತ್ರೆ ನುಂಗಿದವರಲ್ಲಿ ನೂರಕ್ಕೆ 91 ಮಂದಿ ಸೋಂಕಿಲ್ಲದೆ ಇದ್ದರು. ಹುಸಿಮಾತ್ರೆ ನುಂಗಿದವರಲ್ಲಿ 36 ಮಂದಿ ಮಾತ್ರ. ಆದರೆ ಮಾತ್ರೆ ನಿಲ್ಲಿಸಿ ಮತ್ತೆ ಆರು ತಿಂಗಳಾಗುವಷ್ಟರಲ್ಲಿ ಆ 91 ಎಂಬುದು 43ಕ್ಕೆ ಇಳಿಯಿತು. ಇದರರ್ಥವನ್ನು ಪ್ರಾಮಾಣಿಕವಾಗಿ ಹೇಳಬೇಕು. ಚಿಕಿತ್ಸೆ ಯೀಸ್ಟನ್ನು ಅಂಕೆಯಲ್ಲಿಡುತ್ತದೆ, ಬುಡಸಮೇತ ಕೀಳುವುದಿಲ್ಲ. ನಿಲ್ಲಿಸಿದ ಮೇಲೆ ಬಂದರೆ ಮತ್ತೆ ಆರಂಭಿಸಬೇಕಾಗುತ್ತದೆ. ಅದು ವೈದ್ಯರ ಸೋಲೂ ಅಲ್ಲ, ನಿಮ್ಮ ತಪ್ಪೂ ಅಲ್ಲ, ಗಂಡನ ಅಪರಾಧವಂತೂ ಅಲ್ಲವೇ ಅಲ್ಲ.

ಗರ್ಭಿಣಿಯರು ಫ್ಲುಕೊನಜೋಲ್ ನುಂಗಬಾರದು. ಅವರಿಗೆ ಏಳು ದಿನದ ಯೋನಿ ಮಾತ್ರೆ ಅಥವಾ ಮುಲಾಮೇ ಸರಿ. ರಕ್ತ ತೆಳುವಾಗಿಸುವ ಮಾತ್ರೆ, ಕೊಲೆಸ್ಟರಾಲ್ ಮಾತ್ರೆ ಮುಂತಾದವನ್ನು ಸೇವಿಸುವವರು, ಯಕೃತ್ತಿನ ತೊಂದರೆಯಿರುವವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಗ್ಲಾಬ್ರೇಟಾ ಸೋಂಕಿಗೆ ಬೋರಿಕ್ ಆಮ್ಲದ ಕ್ಯಾಪ್ಸೂಲನ್ನು ಯೋನಿಯಲ್ಲಿಡಲು ಕೆಲವು ವೈದ್ಯರು ಹೇಳುವುದುಂಟು. ಆದರೆ ಇದು ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಸಂಚಕಾರ. ಕೇರಂ ಬೋರ್ಡಿಗೆ ಹಾಕುವ ಪುಡಿ ಎಂದುಕೊಂಡು ಮನೆಯಲ್ಲೇ ಪ್ರಯೋಗಕ್ಕಿಳಿಯುವ ವಸ್ತು ಇದಲ್ಲ.

ಮುಲಾಮಿನ ಮೋಸ

ಔಷಧಿ ಅಂಗಡಿಯಲ್ಲಿ 'ತುರಿಕೆಗೆ ಏನಾದರೂ ಕೊಡಿ' ಎಂದರೆ ಕೈಗೆ ಬರುವ ಟ್ಯೂಬಿನಲ್ಲಿ ಹಲವು ಬಾರಿ ಮೂರು ನಾಲ್ಕು ಔಷಧಿಗಳ ಬೆರಕೆಯಿರುತ್ತದೆ. ಅದರಲ್ಲೊಂದು ಕ್ಲೊಬೆಟಸಾಲ್‌ನಂಥ ಪ್ರಬಲ ಸ್ಟೀರಾಯ್ಡ್. ಹಚ್ಚಿದ ದಿನವೇ ನವೆ ಮಾಯ! ಸ್ಟೀರಾಯ್ಡ್ ಕೆಂಪನ್ನೂ ನವೆಯನ್ನೂ ಅಡಗಿಸುತ್ತದೆ, ಯೀಸ್ಟನ್ನು ಕೊಲ್ಲುವುದಿಲ್ಲ. ಆ ಜಾಗದ ರಕ್ಷಣಾಶಕ್ತಿಯನ್ನೂ ಕುಗ್ಗಿಸುತ್ತದೆ. ತಿಂಗಳುಗಟ್ಟಲೆ ಬಳಸಿದರೆ ತೆಳುವಾದ ಚರ್ಮ ಇನ್ನೂ ತೆಳುವಾಗಿ ಬಿರಿಯುತ್ತದೆ. ಕೂಡುವಾಗ ತರಚುವುದಕ್ಕೆ ಬೇರೆ ಕಾರಣವೇ ಬೇಡ. 2018ರಲ್ಲಿ ಕೇಂದ್ರ ಸರ್ಕಾರ ಅನೇಕ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಕಾಯ್ದೆ ಬಂದ ಮಾತ್ರಕ್ಕೆ ಕೌಂಟರಿನ ಅಭ್ಯಾಸ ಬದಲಾಗದು. ಕೊಳ್ಳುವವರೇ ಟ್ಯೂಬಿನ ಮೇಲಿನ ಹೆಸರುಗಳನ್ನು ಓದುವುದು ಕಲಿಯಬೇಕು.

ಮನೆಯಲ್ಲಿ ಏನು ಮಾಡಬಹುದು?

ಯೋನಿಯ ಒಳಗೆ ತೊಳೆಯುವ ಅಗತ್ಯವೇ ಇಲ್ಲ. ಅದು ತನ್ನನ್ನು ತಾನೇ ಶುಚಿಗೊಳಿಸಿಕೊಳ್ಳುತ್ತದೆ. ಹೊರಭಾಗಕ್ಕೆ ಬರಿಯ ನೀರು ಸಾಕು. ಡೆಟಾಲು, ಸ್ಯಾವ್ಲಾನು, ಪರಿಮಳದ ಸೋಪು, ಜಾಹೀರಾತಿನಲ್ಲಿ ಬರುವ 'ವಿಶೇಷ' ದ್ರವಗಳು ಇವೆಲ್ಲ ಕಾವಲುಗಾರ ಬ್ಯಾಕ್ಟೀರಿಯಾಗಳನ್ನೋ ಚರ್ಮವನ್ನೋ ಕೆಡಿಸುತ್ತವೆ. ಮೊಸರನ್ನು ಊಟದಲ್ಲಿ ಧಾರಾಳವಾಗಿ ತಿನ್ನಿ, ಒಳಗೆ ಹಚ್ಚಬೇಡಿ. ಬೆಳ್ಳುಳ್ಳಿ ಎಸಳು ಇಡುವ ಸಲಹೆಯನ್ನಂತೂ ಕಿವಿಗೆ ಹಾಕಿಕೊಳ್ಳಬೇಡಿ. ಸುಟ್ಟ ಗಾಯವಾದೀತು.

ಒಳಉಡುಪು ಈ ಕಾಯಿಲೆಗೆ ಮೂಲ ಕಾರಣವಲ್ಲ. ಆದರೂ ಬಿಗಿಯಾದ ನೈಲಾನಿಗಿಂತ ಸಡಿಲವಾದ ಹತ್ತಿ ಬಟ್ಟೆ ಹಿತ. ನಮ್ಮ ಮನೆಗಳಲ್ಲಿ ಹೆಂಗಸರ ಒಳಉಡುಪನ್ನು ಯಾರಿಗೂ ಕಾಣದಂತೆ ಟವೆಲಿನ ಅಡಿಯಲ್ಲೋ ಬಚ್ಚಲ ಮೂಲೆಯಲ್ಲೋ ಒಣಹಾಕುವ ಪದ್ಧತಿಯುಂಟು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಅವು ಒಣಗುವುದೇ ಇಲ್ಲ. ತೇವದ ಬಟ್ಟೆಯನ್ನೇ ಉಟ್ಟು ದಿನವಿಡೀ ಕಳೆಯುತ್ತಾರೆ. ಗಾಳಿ ಬಿಸಿಲಿಗೆ ಹಾಕಲು ನಾಚಿಕೆಯೇಕೆ?

ಇನ್ನು ದಾಂಪತ್ಯದ ಮಾತು. ಸೋಂಕು ಇರುವಾಗ, ಚಿಕಿತ್ಸೆ ಮುಗಿಯುವವರೆಗೆ ಕೂಡದಿರುವುದು ಒಳ್ಳೆಯದು. ಇದು ವ್ರತವಲ್ಲ, ಗಾಯ ಮಾಯಲು ಕೊಡುವ ಬಿಡುವು. ಯೋನಿಯಲ್ಲಿ ಬಳಸುವ ಎಣ್ಣೆಯಂಶದ ಔಷಧಿಗಳು ಕಾಂಡೋಮಿನ ರಬ್ಬರನ್ನು ಸಡಿಲಗೊಳಿಸುವುದರಿಂದ ಆ ದಿನಗಳಲ್ಲಿ ಕಾಂಡೋಮನ್ನೇ ನಂಬಿದವರಿಗೆ ಗರ್ಭ ನಿಲ್ಲುವ ಅಪಾಯವೂ ಉಂಟು. ತೆಂಗಿನೆಣ್ಣೆಗೂ ಇದೇ ಮಾತು ಅನ್ವಯಿಸುತ್ತದೆ. ವಾಸಿಯಾದ ಮೇಲೆ ಅವಸರ ಬೇಡ. ಮೈ ಸಿದ್ಧವಾಗುವಷ್ಟು ಹೊತ್ತು ಕೊಡುವುದು ಗಂಡ ಹೆಂಡತಿಗೆ ಕೊಡಬಹುದಾದ ಅತ್ಯುತ್ತಮ ಔಷಧಿ. ಅದು ಸಾಲದಿದ್ದರೆ ನೀರಿನ ಆಧಾರದ, ಪರಿಮಳವಿಲ್ಲದ ಜಾರುದ್ರವ ಸಿಗುತ್ತದೆ. 'ಇವತ್ತು ನೋವಿದೆ' ಎಂದರೆ 'ಇಷ್ಟವಿಲ್ಲ' ಎಂದು ಅರ್ಥ ಮಾಡಿಕೊಳ್ಳಬಾರದು.

ಎಲ್ಲಿಗೆ ಹೋಗುವುದು?

ಖಾಸಗಿ ಸ್ತ್ರೀರೋಗ ತಜ್ಞರೇ ಆಗಬೇಕೆಂದಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ 'ಸುರಕ್ಷಾ ಕ್ಲಿನಿಕ್' ಎಂಬ ಹೆಸರಿನ ವಿಭಾಗಗಳಿವೆ. ಯೋನಿಸ್ರಾವದ ತೊಂದರೆಗೆ ಅಲ್ಲಿ ಹಸಿರು ಬಣ್ಣದ ಪೊಟ್ಟಣವೊಂದು ಉಚಿತ. ಅದರಲ್ಲಿ ಯೀಸ್ಟಿಗೆ ಫ್ಲುಕೊನಜೋಲ್, ಇತರ ಸೋಂಕುಗಳಿಗೆ ಸೆಕ್ನಿಡಜೋಲ್ ಎರಡೂ ಇರುತ್ತವೆ. ಪ್ರಯೋಗಾಲಯವಿಲ್ಲದ ಕಡೆ ಲಕ್ಷಣ ನೋಡಿಯೇ ಚಿಕಿತ್ಸೆ ಕೊಡಲು ರೂಪಿಸಿದ ವ್ಯವಸ್ಥೆ ಇದು. ಮೊದಲ ಬಾರಿಗೆ ಸರಿ. ಆದರೆ ಪೊಟ್ಟಣ ನುಂಗಿಯೂ ಮತ್ತೆ ಮತ್ತೆ ಬಂದರೆ 'ಪರೀಕ್ಷೆ ಮಾಡಿ ನೋಡಿ' ಎಂದು ಕೇಳುವುದು ರೋಗಿಯ ಹಕ್ಕು.

ವೈದ್ಯರು ಎಚ್‌ಐವಿ ಪರೀಕ್ಷೆಗೆ ಬರೆದರೆ ಗಾಬರಿ ಬೇಡ. ದೇಹದ ರೋಗನಿರೋಧಕ ಶಕ್ತಿ ಕುಗ್ಗಿದಾಗಲೂ ಯೀಸ್ಟ್ ಕಾಡುವುದರಿಂದ ಆ ಪರೀಕ್ಷೆ ಮಾಡಿಸುತ್ತಾರೆ. ಮರುಕಳಿಸುವ ಬಹುತೇಕ ಮಹಿಳೆಯರಲ್ಲಿ ಅಂಥ ಯಾವ ಕಾರಣವೂ ಇರುವುದಿಲ್ಲ. ಸರ್ಕಾರಿ ಐಸಿಟಿಸಿ ಕೇಂದ್ರಗಳಲ್ಲಿ ಈ ಪರೀಕ್ಷೆ ಉಚಿತ, ಫಲಿತಾಂಶ ಗೋಪ್ಯ.

ಸಾಧ್ಯವಾದರೆ ಗಂಡನೂ ಜೊತೆಗೆ ಹೋಗಬೇಕು. ಔಷಧಿಗಲ್ಲ, ಕೇಳಿಸಿಕೊಳ್ಳುವುದಕ್ಕೆ. ಇದು ಯಾರಿಂದ ಯಾರಿಗೆ ಬಂತೆಂಬ ಪ್ರಶ್ನೆಗೆ ವೈದ್ಯರ ಬಾಯಿಂದಲೇ ಉತ್ತರ ಸಿಕ್ಕರೆ ಮನೆಯಲ್ಲಿ ತಿಂಗಳುಗಳಿಂದ ಕಟ್ಟಿಕೊಂಡ ಗಂಟು ಹತ್ತು ನಿಮಿಷದಲ್ಲಿ ಸಡಿಲವಾಗುತ್ತದೆ. ಕನ್ನಡದಲ್ಲಿ ಇಂಥ ವಿಷಯಗಳನ್ನು ಮುಚ್ಚುಮರೆಯಿಲ್ಲದೆ ಬರೆದು ದಾರಿ ತೋರಿಸಿದ ಡಾ. ಅನುಪಮಾ ನಿರಂಜನ ಅವರು 1991ರಲ್ಲಿ ನಮ್ಮನ್ನಗಲಿದರು. ಅವರು ಬರೆದದ್ದನ್ನು ಓದಿ ಬೆಳೆದ ಅಮ್ಮಂದಿರು ತಮ್ಮ ಮಗಳಿಗೆ, ಸೊಸೆಗೆ 'ಇದು ಸಾಮಾನ್ಯ ಕಣಮ್ಮಾ, ಬಾ ಡಾಕ್ಟರ ಹತ್ತಿರ ಹೋಗೋಣ' ಎಂದರೆ ಸಾಕು. ಅರ್ಧ ಕಾಯಿಲೆ ಅಲ್ಲೇ ವಾಸಿ.

ತಡಮಾಡದೆ ವೈದ್ಯರನ್ನು ಕಾಣಿ

* ಕಿಬ್ಬೊಟ್ಟೆ ನೋವು, ಜ್ವರ ಜೊತೆಗಿದ್ದರೆ.
* ಹುಣ್ಣು, ಗುಳ್ಳೆ ಕಾಣಿಸಿಕೊಂಡರೆ.
* ಕೂಡಿದ ನಂತರ ರಕ್ತ ಕಂಡರೆ. ಗರ್ಭಕೊರಳಿನ ಪರೀಕ್ಷೆ ಅಗತ್ಯ.
* ಗರ್ಭಿಣಿಯಾಗಿದ್ದರೆ. ಸ್ವಂತ ಔಷಧಿ ಸಲ್ಲದು.
* ಮುಟ್ಟು ನಿಂತ ಮೇಲೆ ಹೊಸದಾಗಿ ನವೆ, ಸ್ರಾವ ಶುರುವಾದರೆ. ಆ ವಯಸ್ಸಿನಲ್ಲಿ ಯೀಸ್ಟ್ ಸೋಂಕು ಅಪರೂಪ, ಸಕ್ಕರೆ ಪರೀಕ್ಷೆಯೂ ಆಗಬೇಕು.
* ಔಷಧಿ ಮುಗಿಸಿದರೂ ಕಡಿಮೆಯಾಗದಿದ್ದರೆ, ಅಥವಾ ವರ್ಷದಲ್ಲಿ ಮೂರನೆಯ ಬಾರಿ ಬಂದರೆ.